ಹಳದಿಗೆ ಕನ್ನಡದಲ್ಲಿ ಏನಂತಾರೆ?

ಪ್ರಶ್ನೆ ಕೇಳಿ ನಗಬೇಡಿ. ಹಳದಿಗೆ ಕನ್ನಡದಲ್ಲಿ ಹಳದಿ ಅಂತಲೇ ಅಲ್ವಾ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಮೊನ್ನೆ ಭದ್ರಾವತಿ ಸ್ಟೇಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯುತ್ತಾ ಕೂತಿದ್ದೆ. ರೈಲು ತಡ. ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಹಾಕಿದ್ದು 1899ರಲ್ಲಿ, ಅವತ್ತಿನಿಂದ ಈ ದಾರಿಯಲ್ಲಿ ಕಾಯೋದೂ ಒಂದು ಸಂಪ್ರದಾಯ :-) ಹೊತ್ತು ಹೋಗಲಿ ಅಂತ ಮೊಬೈಲಿನಲ್ಲಿ ಏನೇನೋ ಓದುತ್ತಿದ್ದವನಿಗೆ, ಹಳೆಯ ಸ್ಕಾಟ್ಸ್ ಭಾಷೆಯಲ್ಲಿ ಹಳದಿಗೆ ಏನನ್ನುತ್ತಿದ್ದರು ಅನ್ನುವ ವಿಷಯ ಸಿಕ್ಕಿತು. ಸ್ಕಾಟ್ಲೆಂಡಿನ ಜನ ಇಂಗ್ಲಿಷಿನ ಪಕ್ಕದಲ್ಲೇ ಬೆಳೆಸಿಕೊಂಡ, ಇಂಗ್ಲಿಷಿನ ತಂಗಿಯಂಥ ಭಾಷೆ ಅದು. ಆ ಪದ 'ಯಾಲೊ'. ಓದಿ ತಲೆ ಎತ್ತಿದರೆ ಎದುರಿಗೇ ಸ್ಟೇಷನ್ನಿನ ಬೋರ್ಡು. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ನಮ್ಮೂರ ಹೆಸರು.

ಯಾಲೊ ಅಂದ ಕೂಡಲೇ ನನಗೆ ನೆನಪಾದದ್ದು ಸ್ಕಾಟ್ಲೆಂಡ್ ಅಲ್ಲ, ನಮ್ಮಜ್ಜ.

ನಮ್ಮ ಮನೆಯಲ್ಲಿ ಈ ಒಂದು ಬಣ್ಣಕ್ಕೆ ಮೂರು ಹೆಸರಿತ್ತು. ಅಜ್ಜ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡಿದವರು. ಕಾದ ಕಬ್ಬಿಣದ ಬಣ್ಣದ ಮೇಲೇ ಅದರ ಬಿಸಿ ಹೇಳುತ್ತಿದ್ದರು. "ಮೊದಲು ಕರ್ರಗೆ, ಆಮೇಲೆ ಕೆಂಪಗೆ, ಇನ್ನೂ ಕಾದರೆ ಯಲ್ಲೋ, ಅದನ್ನೂ ದಾಟಿದರೆ ಬೆಳ್ಳಗೆ." ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅಜ್ಜನ ಬಾಯಲ್ಲಿ ಉಳಿದ ಮೂರೂ ಬಣ್ಣ ಕನ್ನಡದಲ್ಲಿ ಬಂದು, ಇದೊಂದು ಮಾತ್ರ ಇಂಗ್ಲಿಷಿನಲ್ಲಿ ಯಾಕೆ ಬರುತ್ತಿತ್ತು ಅಂತ ಆಗ ಹೊಳೆದಿರಲಿಲ್ಲ. ಅಜ್ಜಿ 'ಅರಿಶಿನದ ಬಣ್ಣ' ಅನ್ನುತ್ತಿದ್ದಳು. ನಾನು ಶಾಲೆಯಲ್ಲಿ ಕಲಿತದ್ದು ಹಳದಿ.

ಈ ಮೂರು ಪದಗಳ ಹಿಂದೆ ಬಿದ್ದು ಒಂದು ವಾರ ಕಳೆದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಬನ್ನಿ.

ಮೊದಲು ಆ ಯಾಲೊ. ಹಳೆಯ ಹಸ್ತಪ್ರತಿಗಳಲ್ಲಿ ಅದರ ಮೊದಲ ಅಕ್ಷರ ಈಗಿನ ಇಂಗ್ಲಿಷಿನ 'ವೈ' ಅಲ್ಲ. ನೋಡಲು ನಮ್ಮ 3ರ ಅಂಕಿಗೆ ಬಾಲ ಬಂದ ಹಾಗಿರುವ, 'ಯೋಗ್' ಅನ್ನುವ ಅಕ್ಷರ. ಅಚ್ಚುಮೊಳೆ ಬಂದ ಕಾಲಕ್ಕೆ ಸ್ಕಾಟ್ಲೆಂಡಿನ ಮುದ್ರಕರ ಪೆಟ್ಟಿಗೆಯಲ್ಲಿ ಈ ಅಕ್ಷರದ ಮೊಳೆ ಇರಲಿಲ್ಲ. ಅದರ ಹಾಗೇ ಕಾಣುತ್ತದಲ್ಲ ಅಂತ 'ಝಡ್' ಮೊಳೆ ಜೋಡಿಸಿಬಿಟ್ಟರು. ಅದಕ್ಕೇ ಅಲ್ಲಿ ಮೆನ್‌ಝೀಸ್ ಅಂತ ಬರೆದು ಮಿಂಗಿಸ್ ಅಂತ ಓದುವ ಮನೆತನವಿದೆ. ಅಕ್ಷರ ಸತ್ತರೂ ಅದರ ಉಚ್ಚಾರ ಹೆಸರಿನೊಳಗೆ ಕೂತುಬಿಟ್ಟಿದೆ. ಸ್ಕಾಟ್ಸ್ ಜನ ತಮ್ಮ ಈ ಹಳೆಯ ಭಾಷೆಗೆ 12 ಸಂಪುಟದ ನಿಘಂಟು ಮಾಡಿಕೊಂಡಿದ್ದಾರೆ. ಮೊದಲ ಕಂತು ಅಚ್ಚಾದದ್ದು 1931ರಲ್ಲಿ, ಮುಗಿದದ್ದು 2002ರಲ್ಲಿ. ಎಪ್ಪತ್ತು ವರ್ಷ!

ನಮ್ಮಲ್ಲೂ ಇಂಥ ಕಳೆದುಹೋದ ಅಕ್ಷರ ಇದೆಯಲ್ಲ, ೞ. ಮೞೆ, ಬಾೞೆ, ಪೞೆಯ. 'ಹಳಗನ್ನಡ' ಅನ್ನುವಾಗ ಬರುವ ಆ 'ಳ' ಕೂಡ ಒಂದು ಕಾಲದಲ್ಲಿ ೞ ಆಗಿತ್ತು. ಯೂನಿಕೋಡಿನಲ್ಲಿ ಇದಕ್ಕೆ ಜಾಗವೇನೋ ಸಿಕ್ಕಿದೆ, ಆದರೆ ಅಲ್ಲಿ ಯಾರೋ ತಪ್ಪಾಗಿ ಇದರ ಹೆಸರನ್ನು 'ಫ' ಅಂತ ಬರೆದುಬಿಟ್ಟರು. ಯೂನಿಕೋಡಿನಲ್ಲಿ ಒಮ್ಮೆ ಕೊಟ್ಟ ಹೆಸರು ಬದಲಾಯಿಸುವ ಹಾಗಿಲ್ಲ, ಹಾಗಾಗಿ ಇವತ್ತಿಗೂ ಅಲ್ಲಿ ಅದು ಫ! ಯೋಗ್‌ಗೆ ಝಡ್ ಆದ ಹಾಗೆ ೞಕ್ಕೆ ಫ. ಬರಹ, ನುಡಿ ಅಂತ ಕುಸ್ತಿ ಆಡಿ ಯೂನಿಕೋಡಿಗೆ ಬಂದ ನಮ್ಮಂಥವರಿಗೆ ಈ ಸಂಕಟ ಅರ್ಥವಾಗುತ್ತೆ.

ಇರಲಿ, ಹಳದಿಗೆ ಬರೋಣ.

ನಾನು ಬೆಚ್ಚಿದ್ದು ಇಲ್ಲಿ. ಸ್ಕಾಟ್ಸಿನ ಯಾಲೊ, ಇಂಗ್ಲಿಷಿನ ಯೆಲ್ಲೋ, ಇಂಗ್ಲಿಷಿನದೇ ಗೋಲ್ಡ್, ಇವೆಲ್ಲ ಒಂದೇ ಬೇರಿನವು. ಆ ಬೇರು ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ಪೂರ್ವಕ್ಕೂ ಹರಿದಿದೆ. ಸಂಸ್ಕೃತದ 'ಹರಿ' ಅದೇ ಬೇರು. ಹರಿ ಅಂದರೆ ವಿಷ್ಣು ಮಾತ್ರ ಅಲ್ಲ, ಹಳದಿ, ಹೊಂಬಣ್ಣ, ಹಸುರು ಅಂತಲೂ ಅರ್ಥವಿದೆ. 'ಹಿರಣ್ಯ' ಅದೇ ಬೇರು. 'ಹರಿದ್ರಾ' ಅಂದರೆ ಅರಿಶಿನ, ಅದೂ ಅದೇ. ಹರಿದ್ರಾ ಪ್ರಾಕೃತದಲ್ಲಿ 'ಹಲಿದ್ದಾ', 'ಹಲದ್ದಾ' ಆಯಿತು. ಹಿಂದಿಯಲ್ಲಿ ಹಲ್ದಿ, ಮರಾಠಿಯಲ್ಲಿ 'ಹಳದ'. ಮರಾಠಿಯ ಆ 'ಳ' ಸಮೇತ ನಮ್ಮಲ್ಲಿಗೆ ಬಂದದ್ದು ಹಳದಿ!

ಅಂದರೆ ಅಜ್ಜ ಕುಲುಮೆಯ ಮುಂದೆ ನಿಂತು ಹೇಳುತ್ತಿದ್ದ ಯಲ್ಲೋ, ನಾನು ಶಾಲೆಯಲ್ಲಿ ಕಲಿತ ಹಳದಿ, ಸ್ಕಾಟ್ಲೆಂಡಿನ ಯಾಲೊ, ಮೂರೂ ದೂರದ ದಾಯಾದಿಗಳು. ಸಾವಿರಾರು ವರ್ಷ ಬೇರೆ ಬೇರೆ ದಿಕ್ಕಿನಲ್ಲಿ ಅಲೆದು, ಭದ್ರಾವತಿಯ ಒಂದೇ ಮನೆಯಲ್ಲಿ ಗುರುತೇ ಸಿಗದೆ ಒಟ್ಟಿಗೆ ಊಟ ಮಾಡುತ್ತಿದ್ದವು.

ಹಾಗಾದರೆ ಕನ್ನಡದ್ದೇ ಆದ ಪದ ಯಾವುದು?

ನಮ್ಮ ಬಣ್ಣಗಳನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ಬಿಳಿ, ಕರಿ, ಕೆಂಪು, ಹಸುರು. ಇವು ಪದದ ಮುಂದೆ ಸಣ್ಣದಾಗಿ ಮಡಚಿಕೊಂಡು ನಿಲ್ಲುತ್ತವೆ. ಬೆಳ್ದಿಂಗಳು, ಕಾರ್ಮುಗಿಲು, ಕೆಂದಾವರೆ. ನಮ್ಮ ಕಾರ್ಖಾನೆಗೆ ಅದಿರು ಬರುತ್ತಿದ್ದ ಗುಡ್ಡದ ಹೆಸರೇ ಕೆಮ್ಮಣ್ಣುಗುಂಡಿ, ಕೆಂಪು ಮಣ್ಣಿನ ಗುಂಡಿ. ಇನ್ನೊಂದು ಪರೀಕ್ಷೆ ಮಾಡಿ. ಬೆಳ್ಳಗೆ, ಕಪ್ಪಗೆ, ಕೆಂಪಗೆ, ಹಚ್ಚಗೆ ಅನ್ನುತ್ತೇವೆ. 'ಹಳದಗೆ' ಅನ್ನುತ್ತೇವಾ? ಇಲ್ಲ. 'ಹಳದಿಯಾಗಿ' ಅಂತ ಎಳೆಯಬೇಕು. ಮುಖ ಬಿಳಿಚಿಕೊಳ್ಳುತ್ತೆ, ಆಕಾಶ ಕೆಂಪೇರುತ್ತೆ, ಹಳದಿಗೆ ಅಂಥ ಕ್ರಿಯಾಪದವೂ ಇಲ್ಲ. ಮನೆಗೆ ಬಂದ ನೆಂಟರು ಎಷ್ಟೇ ವರ್ಷ ಇದ್ದರೂ ಅಡುಗೆಮನೆಯ ಡಬ್ಬಿ ಯಾವುದು ಎಲ್ಲಿದೆ ಅಂತ ಗೊತ್ತಾಗದೆ ತಡಕಾಡುತ್ತಾರಲ್ಲ, ಹಳದಿ ಕನ್ನಡದ ವ್ಯಾಕರಣದೊಳಗೆ ಹಾಗೆ ತಡಕಾಡುತ್ತೆ. ಅಜ್ಜನ ನಾಲ್ಕು ಬಣ್ಣಗಳಲ್ಲಿ ಅದೊಂದೇ ಇಂಗ್ಲಿಷಾದದ್ದಕ್ಕೆ ಕಾರಣ ಇದೇ ಇರಬೇಕು. ಕರ್ರಗೆ, ಕೆಂಪಗೆ, ಬೆಳ್ಳಗೆ ಅನ್ನುವ ಸಾಲಿನಲ್ಲಿ ಇಡಲು ಅವರಿಗೆ ಪದವೇ ಸಿಗಲಿಲ್ಲ.

ಹಾಗಂತ ನಮ್ಮ ಹಿರಿಯರಿಗೆ ಹಳದಿ ಕಾಣುತ್ತಿರಲಿಲ್ಲ ಅಂತಲ್ಲ ಮತ್ತೆ! 1969ರಲ್ಲಿ ಬರ್ಲಿನ್ ಮತ್ತು ಕೇ ಅನ್ನುವ ಇಬ್ಬರು ವಿದ್ವಾಂಸರು 98 ಭಾಷೆಗಳ ಬಣ್ಣದ ಪದಗಳನ್ನು ಹೋಲಿಸಿ ಒಂದು ಪುಸ್ತಕ ಬರೆದರು. ಭಾಷೆಗಳಲ್ಲಿ ಮೊದಲು ಕಪ್ಪು ಬಿಳುಪು, ಆಮೇಲೆ ಕೆಂಪು, ಆಮೇಲೆ ಹಸುರು ಅಥವಾ ಹಳದಿ, ನಂತರ ನೀಲಿ, ಹೀಗೆ ಒಂದು ಕ್ರಮದಲ್ಲಿ ಪದಗಳು ಹುಟ್ಟುತ್ತವೆ ಅಂದರು. ಆಮೇಲೆ ಅದಕ್ಕೆ ತಿದ್ದುಪಡಿ, ತಕರಾರು ಎಲ್ಲ ಬಂದವು. ಅವರದೊಂದು ನಿಯಮ ನೋಡಿ: ಒಂದು ವಸ್ತುವಿನ ಹೆಸರನ್ನೇ ಬಣ್ಣಕ್ಕೂ ಇಟ್ಟಿದ್ದರೆ, ಅದು ಮೂಲ ಬಣ್ಣದ ಪದ ಹೌದೋ ಅಲ್ಲವೋ ಅಂತ ಅನುಮಾನಿಸಬೇಕು. ಈ ನಿಯಮದಂತೆ ನಮ್ಮ ಅರಿಶಿನ ಪರೀಕ್ಷೆಯಲ್ಲಿ ಡುಮ್ಕಿ.

ಆದರೆ ಕನ್ನಡ ಹಳದಿಯನ್ನು ಕಂಡ ರೀತಿಯೇ ಬೇರೆ. ಅದು ಬಣ್ಣವನ್ನು ವಸ್ತುವಿನಿಂದ ಸುಲಿದು ತೆಗೆಯಲಿಲ್ಲ. ಮೂರು ಕಡೆ ಇಟ್ಟುಕೊಂಡಿತು.

ಒಂದು, ಹೊನ್ನು. ಹಳಗನ್ನಡದ ಪೊನ್. ಪಕಾರ ಹಕಾರವಾಗಿ ಹೊನ್ನಾಯಿತು. ಹೊಂಬಿಸಿಲು, ಹೊಂಬಣ್ಣ, ಹೊಂಬೆಳಕು. ತಂಗಡಿ ಗಿಡದ ಹಳದಿ ಹೂವಿಗೆ ಹೊನ್ನಾವರಿಕೆ. ಅಡಿಕೆ ತೋಟದವರಿಗೆ ಹೊಂಬಾಳೆ ಗೊತ್ತೇ ಇರುತ್ತೆ: ಹೊನ್ನು ಸೇರಿದ ಹಾಳೆ, ಅಂದರೆ ಅಡಿಕೆಯ ಹೂಗೊಂಚಲು. ಕೆಂ, ಕಾರ್, ಬೆಳ್ ಇವುಗಳ ಪಕ್ಕದಲ್ಲಿ ಸಮಸಮವಾಗಿ ನಿಲ್ಲಬಲ್ಲ ಹಳದಿ ಅಂದರೆ ಈ 'ಹೊಂ' ಒಂದೇ. ನಮ್ಮ ಜಿಲ್ಲೆಯ ಹೊಸನಗರ ತಾಲೂಕಿನ ಹುಂಚ, ಅಂದರೆ ಹೊಂಬುಜ, ಸಾಂತರ ಅರಸರ ರಾಜಧಾನಿ, ಶಾಸನಗಳ ಪೊಂಬುರ್ಚ. ಅಲ್ಲಿನ ಪದ್ಮಾವತಿಯ ವಿಗ್ರಹಕ್ಕೆ ಜಿನದತ್ತರಾಯ ಕಬ್ಬಿಣ ಮುಟ್ಟಿಸಿದರೆ ಅದು ಚಿನ್ನವಾಯಿತು ಅನ್ನೋದು ಸ್ಥಳಪುರಾಣ. 1923ರಲ್ಲಿ ಕಬ್ಬಿಣ ಹರಿಸಲು ಶುರುಮಾಡಿದ ಭದ್ರಾವತಿಯ ಕುಲುಮೆಯಲ್ಲಿ ಅಂಥ ಪವಾಡ ಆಗಲಿಲ್ಲ. ಕಬ್ಬಿಣ ಅರೆಗಳಿಗೆ ಹೊಂಬಣ್ಣಕ್ಕೆ ಬಂದು ಮತ್ತೆ ಕರ್ರಗಾಗುತ್ತಿತ್ತು, ಅಷ್ಟೆ. ಆದರೆ ಆ ಕರ್ರಗಿನ ಕಬ್ಬಿಣದ ಸಂಬಳದಲ್ಲೇ ನಮ್ಮಂಥ ಎಷ್ಟೋ ಮನೆಗಳು ನಡೆದವು.

ಎರಡು, ಹಣ್ಣು. ಎಲೆ ಹಳದಿಯಾದರೆ ಕನ್ನಡದಲ್ಲಿ ಏನನ್ನುತ್ತಾರೆ? ಎಲೆ ಹಣ್ಣಾಯಿತು. ಅಜ್ಜಿ ವೀಳ್ಯದೆಲೆಯ ಕಟ್ಟು ಬಿಚ್ಚಿ ಮೊದಲು ಮಾಡುತ್ತಿದ್ದ ಕೆಲಸ ಹಣ್ಣೆಲೆ ಆರಿಸಿ ತೆಗೆಯೋದು. ತ್ರಿವೇಣಿಯವರ 'ಹಣ್ಣೆಲೆ ಚಿಗುರಿದಾಗ' ಗೊತ್ತಲ್ಲ, 1968ರಲ್ಲಿ ಸಿನಿಮಾ ಕೂಡ ಆಯಿತು. ಅದನ್ನು 'ಹಳದಿ ಎಲೆ ಚಿಗುರಿದಾಗ' ಅಂದರೆ ಹೇಗಿರುತ್ತೆ? ತೋಟಗಾರಿಕೆಯ ಕರಪತ್ರದ ಹಾಗಿರುತ್ತೆ! ನಿಜಕ್ಕೂ ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುವ ರೋಗದ ಹೆಸರು ಹಳದಿ ಎಲೆ ರೋಗ ಅಂತಲೇ ಇದೆ. ಹಣ್ಣೆಲೆ ಸಹಜವಾಗಿ ಮಾಗಿದ್ದು, ಹಳದಿ ಎಲೆ ಕಾಯಿಲೆ ಬಿದ್ದದ್ದು. ನಮಗೇ ಗೊತ್ತಿಲ್ಲದೆ ಎರಡು ಪದಕ್ಕೆ ಎರಡು ಕೆಲಸ ಹಂಚಿಬಿಟ್ಟಿದ್ದೇವೆ.

ಇದರ ಎದುರು ಬದಿಯಲ್ಲಿ ಹಸುರು. ಹಳಗನ್ನಡದ ಪಸುರ್, ಪಸಿ. ಹಸಿ, ಹಸುರು ಒಂದೇ ಬೇರಿನ ಮಕ್ಕಳು. ಹಸಿಯಾಗಿದ್ದಾಗ ಹಸುರು, ಹಣ್ಣಾದಾಗ ಹಳದಿ. ತೆಲುಗಿನವರು ಈ ಬೇರಿನಿಂದಲೇ 'ಪಸುಪು' ಮಾಡಿಕೊಂಡರು. ಪಸುಪು ಅಂದರೆ ಅಲ್ಲಿ ಅರಿಶಿನ, ಹಳದಿ! ತಮಿಳಿನವರಿಗೆ ಅಪ್ಪಟ ಚಿನ್ನ 'ಪಸುಂಪೊನ್'. ಆ ಕಡೆ ಸಂಸ್ಕೃತದ ಹರಿ ಕೂಡ ಹಳದಿ ಹಸುರು ಎರಡಕ್ಕೂ ಸಲ್ಲುತ್ತೆ. ಸಂಬಂಧವೇ ಇಲ್ಲದ ಎರಡು ಭಾಷಾ ಕುಟುಂಬಗಳು ಹಸುರು ಹಳದಿಯ ನಡುವಿನ ಬೇಲಿಯನ್ನು ಒಂದೇ ಥರ ಹಾರಿವೆ. ಗದ್ದೆಯ ಪೈರು ಮಾಗೋದನ್ನು ನೋಡುತ್ತಾ ಬದುಕಿದವರಿಗೆ ಆ ಬೇಲಿ ಎಲ್ಲಿದೆ ಅಂತ ಹೇಳೋದು ಕಷ್ಟವೇ.

ಮೂರು, ಅರಿಶಿನ. ಬೆಳ್ತಂಗಡಿ ಕಡೆ ಅರಸಿನಮಕ್ಕಿ, ಕೊಲ್ಲೂರಿನ ಹತ್ತಿರ ಅರಶಿನಗುಂಡಿ. (ಅರಸೀಕೆರೆಯನ್ನು ಈ ಪಟ್ಟಿಗೆ ಸೇರಿಸಲು ಹೋಗಬೇಡಿ, ನಾನೂ ಹೋಗಿದ್ದೆ. ಅದು ಅರಸಿಯ ಕೆರೆ, ರಾಣಿಯದ್ದು.) ಕಾಮಾಲೆಗೆ ಅರಿಶಿನ ಕಾಮಾಲೆ. ಪಕ್ಕದ ತುಳುವಿನಲ್ಲಿ, ತಮಿಳಿನಲ್ಲಿ ಮಂಜಳ್ ಅಂದರೂ ಹೀಗೇ, ಬೇರೂ ಅದೇ ಬಣ್ಣವೂ ಅದೇ. ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದ ಬಣ್ಣಗಳನ್ನು ಹಳದಿ ಕೆಂಪು ಅನ್ನುತ್ತೇವೆ, ಆದರೆ ಅರ್ಥ ಹೇಳಿ ಅಂದರೆ ಎಲ್ಲರೂ ಅರಿಶಿನ ಕುಂಕುಮ ಅನ್ನುತ್ತಾರೆ.

ಇಲ್ಲಿಗೆ ಬಂದಾಗ ನನಗೆ ಖುಷಿಯೋ ಖುಷಿ. ಹಳದಿ ಪರದೇಶಿ ಅಂತ ಸಾಬೀತಾಯಿತಲ್ಲ! ನಾವು ಬ್ಲಾಗಿಗರಲ್ಲಿ ಅಚ್ಚಗನ್ನಡದ ಹುಚ್ಚು ಹತ್ತಿದವರು ಸುಮಾರು ಜನ ಇದ್ದೇವೆ. ಎರವಲು ಪದ ಕಂಡರೆ ಅಕ್ಕಿಯಲ್ಲಿ ಕಲ್ಲು ಕಂಡ ಹಾಗೆ ಆರಿಸಿ ಎಸೆಯೋದು. ನಾನು ನನ್ನ ಹಳೆಯ ಬರಹಗಳನ್ನೆಲ್ಲ ತೆರೆದು ಹಳದಿ ಇದ್ದ ಕಡೆಯೆಲ್ಲ 'ಅರಿಶಿನ ಬಣ್ಣ' ಅಂತ ಬದಲಾಯಿಸಿದೆ. ಅದರಲ್ಲಿ ಅಜ್ಜಿಯ ಬಗ್ಗೆ ಬರೆದದ್ದೂ ಒಂದಿತ್ತು. ಅವಳು ಕೊನೆಗಾಲದಲ್ಲಿ ಹೊದೆಯುತ್ತಿದ್ದ ಒಂದು ಹಳದಿ ಸೀರೆಯ ವಿಷಯ. ಅದೂ 'ಅರಿಶಿನ ಬಣ್ಣದ ಸೀರೆ' ಆಯಿತು. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸುಮ್ಮನೆ ಕೇಳಿದಳು, ಕೊನೆಗೆ ಒಂದೇ ಮಾತು ಅಂದಳು. "ಅಜ್ಜಿ ಆ ಸೀರೆಗೆ ಹಾಗೆ ಅಂತಿರಲಿಲ್ಲ. ಮರೆತುಬಿಟ್ಟಿಯಾ?"

ಮರೆತಿದ್ದೆ. ಆಮೇಲೆ ನೆನಪಾಯಿತು.

ಅಜ್ಜ ಹೋದದ್ದು 1983ರಲ್ಲಿ. ನನಗೆ ಆಗ ಎಂಟು ವರ್ಷ. ಮುಂದಿನ ಗೌರಿಹಬ್ಬದ ದಿನ ಮನೆಗೆ ಹೆಂಗಸರು ಬಂದಿದ್ದರು. ಅರಿಶಿನ ಕುಂಕುಮದ ತಟ್ಟೆ ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಬಂತು. ಅಜ್ಜಿಯ ಹತ್ತಿರ ಬಂದಾಗ ಹಿಡಿದವರು ಏನೂ ಮಾತಾಡದೆ ಅವಳ ಮುಂದಿನಿಂದ ದಾಟಿಸಿಕೊಂಡು ಆಚೆಯವರಿಗೆ ಕೊಟ್ಟರು. ಜಗಳ ಇಲ್ಲ, ಬೈಗುಳ ಇಲ್ಲ. ತಟ್ಟೆ ದಾಟಿತು, ಅಷ್ಟೆ. ಅಜ್ಜಿ ಎದ್ದು ಒಳಗೆ ಹೋಗಿ ಕೋಸಂಬರಿಗೆ ಬೇಳೆ ಬಸಿದಿದೆಯಾ ನೋಡಿದಳು.

ಅದಾಗಿ ಕೆಲವು ದಿನಕ್ಕೆ ಪೆಟ್ಟಿಗೆ ತೆಗೆದು ಬಟ್ಟೆ ಬಿಸಿಲಿಗೆ ಹಾಕುತ್ತಿದ್ದಳು. ಅಜ್ಜ ಬೋನಸ್ ಬಂದಾಗ ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಸೀರೆ ಮೇಲೇ ಇತ್ತು. ನಾನು, "ಅಜ್ಜಿ, ಈ ಅರಿಶಿನದ ಬಣ್ಣದ್ದು ಉಟ್ಕೋ" ಅಂದೆ. ಅವಳ ಮಾತನ್ನೇ ಅವಳಿಗೆ ಹೇಳಿದ್ದು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗನ್ನಬೇಡ ಮಗ. ನಿಮ್ಮ ಇಸ್ಕೂಲಲ್ಲಿ ಏನಂತಾರೆ ಅದಕ್ಕೆ?" ಅಂದಳು. "ಹಳದಿ" ಅಂದೆ. "ಹಾಂ, ಹಳದಿ ಅನ್ನು" ಅಂದಳು.

ಅವತ್ತಿನಿಂದ 2004ರಲ್ಲಿ ಅವಳು ಹೋಗುವ ತನಕ ಅದು ಹಳದಿ ಸೀರೆ. ಉಡಲಿಲ್ಲ. ಚಳಿಗೆ ಮಡಚಿ ಹೊದೆಯುತ್ತಿದ್ದಳು. ಸಾರಿಗೆ ಹಾಕುವಾಗ ಮಾತ್ರ ಅರಿಶಿನ ಅರಿಶಿನವೇ. ಬಣ್ಣಕ್ಕೆ ಮಾತ್ರ ಮತ್ತೆ ಆ ಹೆಸರು ಅವಳ ಬಾಯಲ್ಲಿ ಬರಲಿಲ್ಲ.

ನಾನು ಪರದೇಶಿ ಅಂತ ಆರಿಸಿ ಎಸೆದ ಪದ ಅವಳಿಗೆ ಯಾಕೆ ಬೇಕಾಗಿತ್ತು ಅಂತ ಈಗ ಅರ್ಥವಾಗುತ್ತಿದೆ. ಹರಿದ್ರಾ ಅಂತ ಹುಟ್ಟಿದಾಗ ಅದೂ ಅರಿಶಿನವೇ. ಆದರೆ ಅಷ್ಟು ದೂರದಿಂದ, ಅಷ್ಟು ಭಾಷೆ ದಾಟಿ ಕನ್ನಡಕ್ಕೆ ಬರುವಷ್ಟರಲ್ಲಿ ಆ ನೆನಪು ಸವೆದುಹೋಗಿತ್ತು. ಕನ್ನಡದ ಕಿವಿಗೆ ಹಳದಿ ಅಂದರೆ ಬರೀ ಬಣ್ಣ. ಅದಕ್ಕೆ ತಟ್ಟೆ ಇಲ್ಲ, ತಾಳಿ ಇಲ್ಲ, ಯಾರಿಗೆ ಸಲ್ಲುತ್ತೆ ಯಾರಿಗೆ ಸಲ್ಲಲ್ಲ ಅನ್ನೋದಿಲ್ಲ. ಅರಿಶಿನ ಅಂದ ಕೂಡಲೇ ಅದೆಲ್ಲ ಬರುತ್ತೆ. ಬಣ್ಣವನ್ನು ವಸ್ತುವಿನಿಂದ ಬಿಡಿಸದೇ ಇಟ್ಟುಕೊಂಡದ್ದು ಕನ್ನಡದ ಸೊಗಸು ಅಂತ ಮೇಲೆ ಅಷ್ಟುದ್ದ ಬರೆದೆನಲ್ಲ, ಈಗಲೂ ಅದು ಸೊಗಸೇ. ಆದರೆ ವಸ್ತುವನ್ನು ಒಬ್ಬರ ಕೈಯಿಂದ ಕಿತ್ತುಕೊಂಡಾಗ ಬಣ್ಣದ ಹೆಸರೂ ಜೊತೆಗೆ ಹೋಗುತ್ತೆ. ಆಗ ಇಸ್ಕೂಲಿನ ಎರವಲು ಪದವೊಂದು ಅಜ್ಜಿಗೆ ತನ್ನ ಸೀರೆಯನ್ನು ಹೆಸರಿಡಿದು ಕರೆಯಲು ಸಿಕ್ಕಿತು.

ಪದಗಳ ಜಾತಕ ಬರೆಯುವಾಗ ಅವು ಎಲ್ಲಿಂದ ಬಂದವು ಅಂತ ಕೇಳುತ್ತೇವೆ. ಯಾರಿಗೆ ಬೇಕಾಗಿ ಉಳಿದವು ಅಂತಲೂ ಕೇಳಬೇಕು ಅಂತ ನನಗೆ ಹೊಳೆದದ್ದು ಮೊನ್ನೆ, ಆ ಸ್ಟೇಷನ್ನಿನ ಬೋರ್ಡಿನ ದೆಸೆಯಿಂದ.

ಹಳೆಯ ಬರಹಗಳಲ್ಲಿ ಎಲ್ಲ ಕಡೆ ಮತ್ತೆ ಹಳದಿ ಮಾಡಿದ್ದೇನೆ. ಹೊಂಬಿಸಿಲು, ಹಣ್ಣೆಲೆ ಇದ್ದ ಕಡೆ ಅವು ಇದ್ದ ಹಾಗೇ ಇವೆ. ಸೀರೆ ಅಮ್ಮನ ಹತ್ತಿರ ಇದೆ. ಅಂಚು ಸವೆದಿದೆ, ಬಣ್ಣ ಮಾಸಿ ಹಣ್ಣೆಲೆಯ ಹಾಗಾಗಿದೆ.

ನಿಮ್ಮ ಕಡೆ, ನಿಮ್ಮ ಅಜ್ಜಿಯರ ಬಾಯಲ್ಲಿ ಈ ಬಣ್ಣಕ್ಕೆ ಏನಿತ್ತು? ನೆನಪಿದ್ದರೆ ಬರೆಯಿರಿ. ಅಜ್ಜಿ ಇನ್ನೂ ಇದ್ದರೆ, ಕೇಳಿ ಬರೆಯಿರಿ.